ಕೊಳ್ಳುವವನ ಮೌನ

ಮಾರುವವನ ಸುಳ್ಳನ್ನು ಕುರಿತು ಲೋಕದಲ್ಲಿ ಗಾದೆಗಳೂ ಕಥೆಗಳೂ ಕಟ್ಟಳೆಗಳೂ ಬೇಕಾದಷ್ಟಿವೆ. ಹಾಲಿಗೆ ನೀರು ಬೆರಸುವವನು, ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುವವನು, ಹಳೆಯ ಅಡಿಕೆಗೆ ಬಣ್ಣ ಕೊಟ್ಟು ಹೊಸದೆನ್ನುವವನು, ಇವರೆಲ್ಲರೂ ಜನರ ಬಾಯಲ್ಲಿ ಬಹುಕಾಲದಿಂದ ನಿಂದೆಗೆ ಪಾತ್ರರಾಗಿರುವರು. ರಾಜನಾದವನು ತೂಕದ ಕಲ್ಲುಗಳನ್ನೂ ಅಳತೆಗಳನ್ನೂ ಆರು ತಿಂಗಳಿಗೊಮ್ಮೆ ಪರೀಕ್ಷಿಸತಕ್ಕದ್ದೆಂದು ಮನುವು ವಿಧಿಸಿರುವುದೂ ಮಾರುವವನ ಮೇಲಣ ಈ ಸಂಶಯದಿಂದಲೇ ಸರಿ. ಆದರೆ ಕೊಳ್ಳುವವನ ಮೌನವನ್ನು ಕುರಿತು ಅಷ್ಟೊಂದು ವಿಚಾರ ನಡೆದಂತೆ ತೋರುವುದಿಲ್ಲ. ಕೊಳ್ಳುವವನು ಮೋಸಹೋಗತಕ್ಕವನೇ ಹೊರತು ಮೋಸಮಾಡತಕ್ಕವನಲ್ಲವೆಂಬ ಭಾವನೆ ಎಲ್ಲರಲ್ಲಿಯೂ ನೆಲಸಿದೆ. ಹೊಸ ವಸ್ತುಗಳ ಮಟ್ಟಿಗೆ ಈ ಭಾವನೆ ಬಹುಮಟ್ಟಿಗೆ ನಿಜ. ಆದರೆ ಮಾರುವವನು ಅರಿಯದುದನ್ನು ಕೊಳ್ಳುವವನು ಅರಿತಿರುವ ವ್ಯಾಪಾರವೂ ಒಂದುಂಟು. ಅದು ಹಳೆಯ ವಸ್ತುಗಳ ವ್ಯಾಪಾರ.

ಹಳೆಯ ವಸ್ತುಗಳನ್ನು ಅರಸಿ ತಿರುಗುವ ಹವ್ಯಾಸ ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಹೆಚ್ಚುತ್ತಿದೆ. ಒಬ್ಬರು ಹಿತ್ತಾಳೆಯ ಗಿಂಡಿ, ಕೊಳಗ, ಸೇರು, ಪಾವುಗಳನ್ನು ಕೂಡಿಡುವರು; ಇನ್ನೊಬ್ಬರು ಅಡಕೊತ್ತುಗಳನ್ನೂ ಸುಣ್ಣದ ಡಬ್ಬಿಗಳನ್ನೂ ಹುಡುಕುವರು; ಮತ್ತೊಬ್ಬರ ಕಣ್ಣು ಹೊಗೆಸೊಪ್ಪಿನ ಚುಂಗಾಣಿಗಳ ಮೇಲೆ. ಈ ಕಡೆಯವರಲ್ಲಿ ಅನೇಕರು ಹೊಗೆ ಸೇದುವವರೇ ಅಲ್ಲ. ಹೊಗೆಸೊಪ್ಪು ದೇಹಕ್ಕೆ ಮಾಡುವ ಹಾನಿಯನ್ನು ಅವರು ಬಲ್ಲರು. ಆದರೂ ಕೈಗಾರಿಕೆಯ ಚೆಲುವಿಗಾಗಿ, ಕಾಲದ ಗುರುತಿಗಾಗಿ, ಯಾರೋ ಒಬ್ಬರು ಸಂಜೆಯ ಹೊತ್ತು ಕೈಯಲ್ಲಿ ಹಿಡಿದು ಹಿಡಿದು ನುಣುಪಾದ ಆ ಮೈಗಾಗಿ, ಅವರು ಅದನ್ನು ಅರಸುವರು. ತುಮಕೂರಿನ ಪೇಟೆಯ ಗುಜರಿ ಅಂಗಡಿಗಳು, ಗುಬ್ಬಿಯ ಜಾತ್ರೆಯ ಬೀದಿ, ಕುಣಿಗಲ್ಲಿನ ಸಂತೆಯ ಅಂಚು, ಇನ್ನೂ ತೃಪ್ತಿಯಾಗದಿದ್ದರೆ ಬೆಂಗಳೂರಿನ ಚಿಕ್ಕಪೇಟೆಯ ಕಡೆಯ ಭಾನುವಾರದ ಬಜಾರು, ಇವು ಅವರ ತೀರ್ಥಕ್ಷೇತ್ರಗಳು. ಹರಕು ಗೋಣಿಯ ಮೇಲೆ ಮುರುಕು ಬೀಗ, ಕೈಯಿಲ್ಲದ ಗಡಿಯಾರ, ತುಕ್ಕು ಹಿಡಿದ ಲಾಂದ್ರ ಇವುಗಳ ನಡುವೆ ಒಂದು ಚುಂಗಾಣಿಯ ತಲೆ ಕಂಡರೆ ಅವರಿಗಾಗುವ ಸಂತೋಷವನ್ನು ಹವ್ಯಾಸವಿಲ್ಲದವರು ಅರಿಯಲಾರರು.

ಕನ್ನಡನಾಡಿಗೂ ಈ ವಸ್ತುವಿಗೂ ಇರುವ ನಂಟು ಹಳೆಯದು. ಪೋರ್ಚುಗೀಸರು ತಂದ ಹೊಗೆಸೊಪ್ಪು ಮೊಗಲರ ಅರಮನೆಯನ್ನು ಮುಟ್ಟಿದುದೇ ವಿಜಾಪುರದ ದಾರಿಯಾಗಿ. ಅಕ್ಬರನ ಕೊನೆಯ ದಿನಗಳಲ್ಲಿ, 1604ರ ಸುಮಾರಿಗೆ, ವಿಜಾಪುರಕ್ಕೆ ದೂತನಾಗಿ ಬಂದಿದ್ದ ಅಸದ್ ಬೇಗನು ಅಲ್ಲಿ ಹೊಗೆಸೊಪ್ಪನ್ನು ಮೊದಲ ಬಾರಿಗೆ ಕಂಡು, ರತ್ನ ಕೆತ್ತಿದ ಸುಂದರವಾದ ಕೊಳವೆಯೊಂದನ್ನು ಮಾಡಿಸಿಕೊಂಡು ಹೋಗಿ ಬಾದಶಹನಿಗೆ ಒಪ್ಪಿಸಿದನೆಂದು ತಾನೇ ಬರೆದಿಟ್ಟಿರುವನು. ಅಕ್ಬರನ ಮಗನಾದ ಜಹಾಂಗೀರನು 1617ರಲ್ಲಿ ಹೊಗೆ ಸೇದುವುದನ್ನೇ ನಿಷೇಧಿಸಿದನು. ನಿಷೇಧ ನಿಲ್ಲಲಿಲ್ಲ, ಅಭ್ಯಾಸ ನಿಂತಿತು. ಬಿದರೆಯ ಕುಶಲಿಗಳು ತವರವನ್ನು ಹೋಲುವ ಸತುವಿಗೆ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿ ಮಾಡಿದ ಗುಡಗುಡಿಯ ಬುಡ್ಡಿಗಳು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಒಳಗೆ ಕುಳಿತಿವೆ. ಬಡವನ ಮಣ್ಣಿನ ಚಿಲುಮೆಗಾದರೋ ಯಾವ ಸಂಗ್ರಹಾಲಯವೂ ಬೇಕಾಗಲಿಲ್ಲ. ದೇವರಾಯನದುರ್ಗದ ಬುಡದಲ್ಲಿ ಬಂಡೆಯಿಂದ ನೀರು ಒಸರುವ ನಾಮದ ಚಿಲುಮೆಯನ್ನೂ ರೈತನ ಕೈಯ ಹೊಗೆಯ ಚಿಲುಮೆಯನ್ನೂ ಒಂದೇ ಹೆಸರಿನಿಂದ ಕರೆಯುವ ಜನ ಈ ಸೀಮೆಯವರು.

ಆಂಗ್ಲರ ಕಾಲದಲ್ಲಿ ಇವುಗಳೊಡನೆ ಸೀಮೆಯ ಚುಂಗಾಣಿಯೂ ಬಂದು ಸೇರಿತು. ದೊರೆಗಳು ಬಿಟ್ಟುಹೋದುವು ಕೆಲವು, ಅವರ ಕೈಕೆಳಗೆ ಕೆಲಸಮಾಡಿದ ದೇಶೀಯ ಅಧಿಕಾರಿಗಳು ಮೋಜಿಗೆ ಕೊಂಡುವು ಕೆಲವು. ಇವುಗಳ ಲಕ್ಷಣಗಳನ್ನು ಕಲಿಯುವುದು ಒಂದು ಸಣ್ಣ ಶಾಸ್ತ್ರವೇ ಆಗಿದೆ. ಬ್ರಯರ್ ಎಂಬ ಪೊದೆಯ ಬೇರಿನ ಗಂಟಿನಿಂದ ಕೊರೆದುದು ಬೆಂಕಿಯನ್ನು ತಾಳುತ್ತದೆ. ಈ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಸೇಂತ್ ಕ್ಲೋದ್ ಎಂಬ ಊರಿನಲ್ಲಿ ಬೆಳೆಯಿತು. ತುರ್ಕಿಯ ಎಸ್ಕಿಶೆಹಿರ್ ಪ್ರಾಂತದ ಹಗುರವಾದ ಬಿಳಿಯ ಕಲ್ಲಿನಿಂದ ಕೆತ್ತಿದುದು ಸೇದಿದಂತೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಕೊಳವೆಯೂ ತಲೆಯೂ ಕೂಡುವೆಡೆಯಲ್ಲಿ ಬೆಳ್ಳಿಯ ಬಳೆಯಿದ್ದರೆ, ಅದರ ಮೇಲೆ ಉಗುರಿಗಿಂತ ಚಿಕ್ಕದಾದ ಮುದ್ರೆಗಳಿರುತ್ತವೆ. ನಡೆಯುವ ಸಿಂಹವಿದ್ದರೆ ಬೆಳ್ಳಿ ಶುದ್ಧ. ಹಡಗಿನ ಲಂಗರಿದ್ದರೆ ಬರ್ಮಿಂಗ್‌ಹ್ಯಾಮ್ ನಗರದ ಪರೀಕ್ಷೆ. ಪಕ್ಕದಲ್ಲಿರುವ ಒಂದು ಅಕ್ಷರ ಯಾವ ವರ್ಷವೆಂಬುದನ್ನು ಹೇಳುತ್ತದೆ. ಬಲ್ಲವನು ಭೂತಗನ್ನಡಿಯನ್ನು ಜೇಬಿನಿಂದ ತೆಗೆದು ಒಂದು ಗಳಿಗೆ ನೋಡಿದರೆ, ಮುದುಕನೊಬ್ಬನ ಜಾತಕವನ್ನೇ ಓದಿದಂತಾಗುತ್ತದೆ. ಬಲ್ಲದವನಿಗೆ ಅದು ಮಸಿ ಹಿಡಿದ ಕಟ್ಟಿಗೆಯ ತುಂಡು, ಅಷ್ಟೆ.

ಇಲ್ಲಿ ಪ್ರಶ್ನೆ ಹುಟ್ಟುತ್ತದೆ. ಇಂತಹ ಒಂದು ಚುಂಗಾಣಿ ಗೋಣಿಯ ಮೇಲೆ ಬಿದ್ದಿದೆ ಎಂದು ಇಟ್ಟುಕೊಳ್ಳಬಹುದು. ಬೆಳ್ಳಿಯ ಬಳೆ ಕಪ್ಪಾಗಿದೆ. ಮಾರುವವನು ಅದನ್ನು ತವರವೆಂದೇ ತಿಳಿದಿರುವನು. ಗೃಹಸ್ಥನೊಬ್ಬನು ಅದನ್ನೆತ್ತಿ ನೋಡುವನು, ಸಿಂಹವೂ ಲಂಗರೂ ಕಾಣುತ್ತವೆ, ಎದೆ ಡವಗುಟ್ಟುತ್ತದೆ. “ಇದಕ್ಕೇನಪ್ಪ?” ಎನ್ನುವನು. “ಅದರದ್ದೇನಿದೆ ಸ್ವಾಮಿ, ನೂರು ರೂಪಾಯಿ ಕೊಟ್ಟು ತೆಗೆದುಕೊಂಡು ಹೋಗಿ” ಎಂಬುದು ಉತ್ತರ. ಬಲ್ಲವರು ಅದಕ್ಕೆ ಸಾವಿರಾರು ರೂಪಾಯಿ ಕೊಟ್ಟಾರೆಂಬುದು ಗೃಹಸ್ಥನಿಗೆ ಗೊತ್ತು. ಆತನು ಬಾಯಿ ಬಿಡಬೇಕೆ, ನೂರು ರೂಪಾಯಿ ಕೊಟ್ಟು ಮನೆಯ ದಾರಿ ಹಿಡಿಯಬಹುದೆ? ವಿಷಯ ಅಲ್ಪವೆಂದು ಯಾರೂ ತಳ್ಳಿಹಾಕಲಾಗದು. ಕಳ್ಳತನವೆನ್ನಲು ಇಲ್ಲಿ ಕದ್ದದ್ದಿಲ್ಲ, ಸುಳ್ಳೆನ್ನಲು ನುಡಿದದ್ದಿಲ್ಲ, ಆದರೂ ಮನೆ ಸೇರುವ ತನಕ ಒಂದು ಅಳುಕು ಹೆಜ್ಜೆಗೆ ತೊಡರುವುದುಂಟು. ಆ ಅಳುಕು ಬರಿಯ ಭ್ರಾಂತಿಯೋ, ಧರ್ಮದ ಧ್ವನಿಯೋ ಎಂಬುದೇ ವಿಚಾರಿಸತಕ್ಕ ಸಂಗತಿ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮುಂದಿಡುವುದು ನ್ಯಾಯ. ಬೆಲೆ ಹೇಳಿದವನು ಮಾರುವವನೇ. ಯಾರೂ ಆತನನ್ನು ಬಲವಂತಪಡಿಸಲಿಲ್ಲ. ಕೊಳ್ಳುವವನ ಜ್ಞಾನ ಪುಕ್ಕಟೆಯಾಗಿ ಬಂದುದಲ್ಲ. ಹತ್ತು ವರ್ಷ ಪುಸ್ತಕಗಳನ್ನು ತಿರುವಿ, ನೂರು ಸಲ ಖೋಟಾ ಮಾಲು ಕೊಂಡು ಕೈ ಸುಟ್ಟುಕೊಂಡು, ಬಿಸಿಲಲ್ಲಿ ಅಲೆದು ಸಂಪಾದಿಸಿದ ಜ್ಞಾನವದು. ವೈದ್ಯನು ನಾಡಿ ಹಿಡಿದು ಎರಡು ನಿಮಿಷದಲ್ಲಿ ರೋಗ ಹೇಳಿ ಹಣ ಪಡೆದರೆ, ಅದು ಎರಡು ನಿಮಿಷದ ಕೂಲಿಯಲ್ಲ, ಇಪ್ಪತ್ತು ವರ್ಷದ ಓದಿನ ಫಲ. ಚುಂಗಾಣಿಯನ್ನು ಗುರುತಿಸಿದವನ ಲಾಭವೂ ಹಾಗೆಯೇ. ಮೇಲಾಗಿ, ಆತನು ಕೊಳ್ಳದೆ ಹೋದರೆ ಆ ವಸ್ತು ಒಲೆಗೋ ತಿಪ್ಪೆಗೋ ಹೋಗುವುದೇ ನಿಶ್ಚಯ. ಅದನ್ನು ಉಳಿಸಿದವನಿಗೆ ದೋಷ ಹೇಳುವುದು ಹೇಗೆ?

ನ್ಯಾಯಾಸ್ಥಾನಗಳೂ ಒಂದು ಮಟ್ಟಿಗೆ ಈ ಪಕ್ಷವನ್ನು ಹಿಡಿದಿವೆ. ಅಮೇರಿಕಾ ದೇಶದಲ್ಲಿ ನಡೆದ ಒಂದು ಪ್ರಸಿದ್ಧ ವ್ಯಾಜ್ಯ ಹೊಗೆಸೊಪ್ಪನ್ನೇ ಕುರಿತದ್ದು. ಆಂಗ್ಲರಿಗೂ ಅಮೇರಿಕಾದವರಿಗೂ ಯುದ್ಧ ನಡೆಯುತ್ತಿದ್ದುದರಿಂದ ನ್ಯೂ ಆರ್ಲಿಯನ್ಸ್ ಬಂದರು ಕಟ್ಟಿಹೋಗಿ ಹೊಗೆಸೊಪ್ಪಿನ ಧಾರಣೆ ಬಿದ್ದಿದ್ದಿತು. 1815ನೆಯ ಫೆಬ್ರವರಿ 19ರ ಬೆಳಗ್ಗೆ, ಸಂಧಿಯಾಯಿತೆಂಬ ಸುದ್ದಿಯನ್ನು ಪೇಟೆಗಿಂತ ಮೊದಲು ತಿಳಿದ ಆರ್ಗನ್ ಎಂಬ ವರ್ತಕನು ಲೇಡ್ಲಾ ಕಂಪನಿಯವರಿಂದ 111 ದೊಡ್ಡ ಪೀಪಾಯಿ ಹೊಗೆಸೊಪ್ಪನ್ನು ಕೊಂಡನು. ಬೆಲೆಯನ್ನು ಏರಿಸತಕ್ಕ ಸುದ್ದಿ ಏನಾದರೂ ಉಂಟೆ ಎಂದು ಮಾರುವವರು ಕೇಳಿದ್ದೂ ಉಂಟು. ಸುದ್ದಿ ಹರಡಿದೊಡನೆ ಧಾರಣೆ ನೂರಕ್ಕೆ ಮೂವತ್ತರಿಂದ ಐವತ್ತರಷ್ಟು ಏರಿತು. 1817ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಸ್ಥಾನದ ಮುಖ್ಯ ನ್ಯಾಯಾಧಿಪತಿಯಾದ ಮಾರ್ಷಲ್ ಎಂಬಾತನು, ಕೊಳ್ಳುವವನು ತಾನು ಬಲ್ಲುದನ್ನು ತಾನಾಗಿ ತಿಳಿಸಬೇಕೆಂಬ ಕಟ್ಟಿಲ್ಲವೆಂದು ತೀರ್ಮಾನಿಸಿದನು. ಆದರೆ ಅದೇ ಉಸಿರಿನಲ್ಲಿ, ಒಬ್ಬನು ಮತ್ತೊಬ್ಬನನ್ನು ವಂಚಿಸುವಂತಹ ಯಾವ ಮಾತನ್ನೂ ಆಡಕೂಡದು, ಯಾವ ನಡತೆಯನ್ನೂ ತೋರಕೂಡದು ಎಂದೂ ಸೇರಿಸಿ, ಅಂತಹ ವಂಚನೆ ನಡೆಯಿತೆ ಇಲ್ಲವೆ ಎಂಬುದನ್ನು ಮತ್ತೆ ವಿಚಾರಿಸುವಂತೆ ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿದನು. ಕಾನೂನು ಮೌನವನ್ನು ಕ್ಷಮಿಸಿತು. ಮೌನದ ನೆರಳಿನಲ್ಲಿ ಅಡಗುವ ವಂಚನೆಯನ್ನು ಕ್ಷಮಿಸಲಿಲ್ಲ.

ಲೋಕವ್ಯವಹಾರದಲ್ಲಿಯೂ ದೋಷವಿಲ್ಲದ ಮೌನವುಂಟೆಂಬುದನ್ನು ಒಪ್ಪಲೇಬೇಕು. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಬೆಲೆ ಮಾತಿನಲ್ಲಿ ತೀರ್ಮಾನವಾಗುವುದಿಲ್ಲ. ಇಬ್ಬರು ರೈತರು ಹೊದ್ದ ವಸ್ತ್ರದ ಮರೆಯಲ್ಲಿ ಕೈ ಹಿಡಿದುಕೊಂಡು ಬೆರಳುಗಳಿಂದ ಲೆಕ್ಕ ನಡೆಸುವರು. ಅಲ್ಲಿ ಗುಟ್ಟುಂಟು, ಮೌನವುಂಟು. ಆದರೂ ಅದನ್ನು ಯಾರೂ ವಂಚನೆಯೆನ್ನರು. ಏಕೆಂದರೆ ಎತ್ತು ಇಬ್ಬರ ಕಣ್ಣೆದುರಿಗೂ ನಿಂತಿದೆ. ಹಲ್ಲು ಎಷ್ಟು, ಸುಳಿ ಎಲ್ಲಿ, ಗೊರಸು ಹೇಗೆ ಎಂಬುದನ್ನು ಇಬ್ಬರೂ ಬಲ್ಲರು. ಟಿಪ್ಪುಸುಲ್ತಾನನ ಕಾಲದಿಂದ ಸೈನ್ಯದ ಕುದುರೆಗಳಿಗೆ ಹೆಸರಾದ ಕುಣಿಗಲ್ಲಿನಲ್ಲಿಯೂ ಕುದುರೆಯ ಬೆಲೆಗೆ ವಾದಿಸಿದವರಿಬ್ಬರೂ ಕುದುರೆಯನ್ನು ಬಲ್ಲವರೇ ಆಗಿರಬೇಕು. ಇಬ್ಬರಿಗೂ ವಸ್ತು ತಿಳಿದಿದ್ದು ಬೆಲೆ ಮಾತ್ರ ಗುಟ್ಟಾಗಿರುವುದು ಒಂದು ಬಗೆ. ಒಬ್ಬನಿಗೆ ವಸ್ತುವೇ ಏನೆಂದು ತಿಳಿಯದಿರುವುದು ಇನ್ನೊಂದು ಬಗೆ. ಹೊಗೆಸೊಪ್ಪಿನ ಪೀಪಾಯಿಯನ್ನು ಮಾರಿದವರಿಗೂ ತಾವು ಮಾರುತ್ತಿರುವುದು ಹೊಗೆಸೊಪ್ಪೆಂಬುದು ಗೊತ್ತಿದ್ದಿತು. ಗೋಣಿಯ ಮೇಲೆ ಚುಂಗಾಣಿಯನ್ನಿಟ್ಟವನಿಗಾದರೋ ತಾನು ಬೆಳ್ಳಿ ಮಾರುತ್ತಿರುವೆನೆಂಬುದೇ ಗೊತ್ತಿಲ್ಲ. ಪೂರ್ವಪಕ್ಷದ ಬಲವೆಲ್ಲವೂ ಮೊದಲನೆಯ ಬಗೆಗೆ ಸಲ್ಲುವುದು. ಎರಡನೆಯದರಲ್ಲಿ ಅದು ಕುಂಟುತ್ತದೆ.

ಈ ಎರಡನೆಯ ಬಗೆಯನ್ನೇ ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸಿರೋ ಎಂಬ ಪಂಡಿತನು ಕ್ರಿಸ್ತಪೂರ್ವ 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯವಿಚಾರದ ಗ್ರಂಥದಲ್ಲಿ ಎತ್ತಿರುವನು. ಒಬ್ಬನು ಚಿನ್ನವನ್ನು ಹಿತ್ತಾಳೆಯೆಂದು ತಿಳಿದು ಮಾರುತ್ತಿದ್ದರೆ, ಸತ್ಪುರುಷನು ಅದು ಚಿನ್ನವೆಂದು ಹೇಳಬೇಕೆ, ಸಾವಿರದ ವಸ್ತುವನ್ನು ಒಂದಕ್ಕೆ ಕೊಂಡು ಸುಮ್ಮನಿರಬಹುದೆ ಎಂಬುದು ಅಲ್ಲಿಯ ಪ್ರಶ್ನೆ. ಸ್ಕೇವೋಲ ಎಂಬಾತನ ನಡತೆಯನ್ನೂ ಅದೇ ಗ್ರಂಥ ಹೇಳುತ್ತದೆ. ಆತನು ಜಮೀನೊಂದನ್ನು ಕೊಳ್ಳಹೋಗಿ, ಒಂದೇ ಮಾತಿನಲ್ಲಿ ಬೆಲೆ ಹೇಳೆಂದು ಕೇಳಿದನು. ಮಾರುವವನು ಹೇಳಿದನು. ಸ್ಕೇವೋಲನು, ತನ್ನ ದೃಷ್ಟಿಯಲ್ಲಿ ಅದರ ಬೆಲೆ ಇನ್ನೂ ಹೆಚ್ಚೆಂದು ನುಡಿದು, ಒಂದು ಲಕ್ಷ ನಾಣ್ಯಗಳನ್ನು ಮೇಲೆ ಸೇರಿಸಿ ಕೊಟ್ಟನು. ಇದು ಒಳ್ಳೆಯವನ ಕೆಲಸವೆಂಬುದನ್ನು ಎಲ್ಲರೂ ಒಪ್ಪಿದರಂತೆ. ಜಾಣನ ಕೆಲಸವೆಂಬುದನ್ನು ಮಾತ್ರ ಒಪ್ಪಲಿಲ್ಲವಂತೆ. ಒಳ್ಳೆಯತನವೂ ಜಾಣತನವೂ ಬೇರೆ ಬೇರೆಯೆಂದು ನಂಬಿದ ದಿನವೇ ಅನರ್ಥ ಆರಂಭವಾಯಿತೆಂಬುದು ಸಿಸಿರೋವಿನ ಕೊರಗು. ಆ ಕೊರಗಿಗೆ ಈಗಲೂ ಕಾರಣ ತೀರಿಲ್ಲ.

ಸಿದ್ಧಾಂತವನ್ನು ಕಾಣಲು ದೂರ ಹೋಗಬೇಕಾದುದಿಲ್ಲ. ಅದೇ ಗೃಹಸ್ಥನು ಅದೇ ಸಂತೆಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗುವನೆಂದು ಭಾವಿಸಿದರೆ ಸಾಕು. ಅಲ್ಲಿ ಇನ್ನೊಬ್ಬ ವ್ಯಾಪಾರಿ ಬ್ರಯರ್ ಮರದ ಚುಂಗಾಣಿಯೊಂದನ್ನು ಹಿಡಿದು, “ಇದು ಟಿಪ್ಪುವಿನ ಕಾಲದ್ದು ಸ್ವಾಮಿ, ಐದು ಸಾವಿರಕ್ಕೆ ಒಂದು ಕಾಸು ಕಡಮೆಯಿಲ್ಲ” ಎನ್ನುವನು. ಗೃಹಸ್ಥನು ಒಡನೆಯೆ ನಗುವನು. ಟಿಪ್ಪುಸುಲ್ತಾನನು ಮಡಿದದ್ದು 1799ರಲ್ಲಿ. ಬ್ರಯರ್ ಬೇರಿನ ಚುಂಗಾಣಿಗಳು ಬಳಕೆಗೆ ಬಂದುದು ಮುಂದಿನ ಶತಮಾನದಲ್ಲಿ. ಸುಲ್ತಾನನ ಕೈಯಲ್ಲಿ ಅದಿರುವುದು ಹೇಗೆ? ಇದನ್ನು ಆತನು ನಾಲ್ಕು ಜನ ಕೇಳುವಂತೆ ವಿವರಿಸುವನು. ಗುಬ್ಬಿಯಲ್ಲಿ ಮತ್ತೊಬ್ಬನು, 1884ರಲ್ಲಿ ಹುಟ್ಟಿ ನಾಡಿನಲ್ಲೆಲ್ಲ ಹೆಸರು ಪಡೆದ ಆ ಊರಿನ ನಾಟಕದ ಕಂಪನಿಯ ರಂಗದ ಮೇಲೆ ಇದ್ದ ಗುಡಗುಡಿಯಿದು ಎಂದು ಬೆಲೆ ಏರಿಸಿದರೆ, ಅದಕ್ಕೆ ಗುರುತೇನೆಂದು ಆತನು ಗದ್ದರಿಸಿ ಕೇಳುವನು. ಮಾರುವವನು ವಸ್ತುವನ್ನು ಇಲ್ಲದ ಎತ್ತರಕ್ಕೆ ಏರಿಸಿದಾಗ ಕೊಳ್ಳುವವನ ಪಾಂಡಿತ್ಯಕ್ಕೆ ನಾಲಗೆ ಬರುತ್ತದೆ. ಮಾರುವವನು ಅದನ್ನು ಇರುವುದಕ್ಕಿಂತ ಕೆಳಗೆ ಇಳಿಸಿದಾಗ ಅದೇ ಪಾಂಡಿತ್ಯ ಮೂಕವಾಗುತ್ತದೆ. ಒಂದು ಗಳಿಗೆಯಲ್ಲಿ ಸತ್ಯದ ಪಕ್ಷಪಾತಿ, ಮರುಗಳಿಗೆಯಲ್ಲಿ ತನ್ನ ಪಕ್ಷಪಾತಿ! ದೋಷವಿರುವುದು ಇಲ್ಲಿ. ಅಗ್ಗವಾಗಿ ಕೊಂಡದ್ದು ದೋಷವಲ್ಲ. ಹೆಚ್ಚು ತಿಳಿದಿರುವುದೂ ದೋಷವಲ್ಲ. ಒಂದೇ ಜ್ಞಾನಕ್ಕೆ ಲಾಭವಿದ್ದೆಡೆ ಬಾಯಿ, ನಷ್ಟವಿದ್ದೆಡೆ ಬೀಗ ಎಂಬ ನಿಯಮವನ್ನಿಟ್ಟುಕೊಂಡದ್ದು ದೋಷ. ಒಂದು ಕಡೆಗೆ ಮಾತ್ರ ವಾಲುವ ತಕ್ಕಡಿಯನ್ನು ಕಳ್ಳತಕ್ಕಡಿಯೆಂದು ಯಾರೂ ಹೇಳಿಕೊಡಬೇಕಾದುದಿಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರನ ಕಥೆಯನ್ನು ವಾಚಕರು ಬಲ್ಲರು. ಹಕ್ಕಿಗಳು ಜಡೆಯಲ್ಲಿ ಗೂಡು ಕಟ್ಟಿ ಮರಿಮಾಡುವ ತನಕ ಅಲುಗದೆ ನಿಂತು ತಪಸ್ಸುಮಾಡಿದ ಜಾಜಲಿಯು, ಧರ್ಮವನ್ನು ಕೇಳಲು ಕಾಶಿಯ ಒಬ್ಬ ವರ್ತಕನ ಅಂಗಡಿಗೆ ಹೋಗಬೇಕಾಯಿತು. ಆ ವರ್ತಕನು ಹೇಳಿಕೊಂಡ ಹಿರಿಮೆ ಇಷ್ಟೆ: ತನ್ನ ತಕ್ಕಡಿ ಸಕಲಪ್ರಾಣಿಗಳಲ್ಲಿಯೂ ಸಮವಾಗಿದೆ; ಇತರರ ಕೈಯಿಂದ ಕೊಂಡುದನ್ನು ತಾನು ಮೋಸವಿಲ್ಲದೆ ಮಾರುವೆನು. ತಪಸ್ವಿಯ ಸ್ಥೈರ್ಯಕ್ಕಿಂತ ತಕ್ಕಡಿಯ ಸ್ಥೈರ್ಯವನ್ನು ಮೇಲೆಂದು ಹೇಳಿದ ಆ ಕಥೆ ವರ್ತಕರಿಗೆ ಮಾತ್ರ ಬರೆದುದಲ್ಲ. ಸಂತೆಗೆ ಹೋಗುವ ಪ್ರತಿಯೊಬ್ಬನ ಕೈಯಲ್ಲಿಯೂ ಕಾಣದ ತಕ್ಕಡಿಯೊಂದು ಇದ್ದೇ ಇದೆ.

ಧರ್ಮಶಾಸ್ತ್ರಕಾರರು ಕೊಳ್ಳುವವನನ್ನು ಮರೆತೇಬಿಟ್ಟರೆಂದಲ್ಲ. ಒಡೆಯನಲ್ಲದವನು ಮಾರಿದ ವಸ್ತುವಿನ ಪ್ರಕರಣದಲ್ಲಿ ಯಾಜ್ಞವಲ್ಕ್ಯನು ಕೊಂಡವನನ್ನೇ ಕಳ್ಳನೆಂದು ಎಣಿಸತಕ್ಕ ನಾಲ್ಕು ಲಕ್ಷಣಗಳನ್ನು ಕೊಟ್ಟಿರುವನು. ಹೀನನಿಂದ, ಗುಟ್ಟಾಗಿ, ತೀರ ಕಡಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನು ಕಳ್ಳನಿಗೆ ಸಮಾನ. ಇಲ್ಲಿ ಹೀನನೆಂದರೆ ಕುಲದಿಂದ ಕೀಳಾದವನೆಂದಲ್ಲ, ಅಂತಹ ವಸ್ತು ಕೈಸೇರುವುದಕ್ಕೆ ತಕ್ಕ ಉಪಾಯವಿಲ್ಲದವನೆಂದು ಮಿತಾಕ್ಷರೆಯ ವಿವರಣೆ. ಆ ಮಿತಾಕ್ಷರೆ ಹುಟ್ಟಿದುದು ಕನ್ನಡದ ನೆಲದಲ್ಲೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಇಂದು ಬಸವಕಲ್ಯಾಣವೆಂದು ಕರೆಯುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಅದನ್ನು ರಚಿಸಿದನು. ಗುಜರಿಯ ಅಂಗಡಿಗೆ ದೇವಸ್ಥಾನದ ದೀಪವೋ ಮಠದ ಪಾತ್ರೆಯೋ ಬಂದರೆ ಈ ವಿಧಿ ನೇರವಾಗಿ ಅನ್ವಯಿಸುವುದು. ನೂರು ವರ್ಷಕ್ಕೆ ಮೇಲ್ಪಟ್ಟ ಕಲಾವಸ್ತುಗಳ ವ್ಯಾಪಾರವನ್ನೂ ಹೊರದೇಶಕ್ಕೆ ಸಾಗಿಸುವುದನ್ನೂ ಕಟ್ಟಿಗೊಳಪಡಿಸಿರುವ 1972ರ ಭಾರತದ ಶಾಸನದ ಭಾವವೂ ಇದಕ್ಕೆ ದೂರವಲ್ಲ. ನಿಜವಾದ ಒಡೆಯನೇ ಮಾರುತ್ತಿರುವ ಚುಂಗಾಣಿಗೆ ಯಾಜ್ಞವಲ್ಕ್ಯನ ವಿಧಿ ಅಕ್ಷರಶಃ ಸಲ್ಲದು. ಆದರೂ ಒಂದು ಸೂಕ್ಷ್ಮ ಅದರಿಂದ ಹೊರಡುತ್ತದೆ. ತೀರ ಕಡಮೆಯಾದ ಬೆಲೆಯನ್ನು ಸ್ಮೃತಿಕಾರನು ಕೊಂಡವನ ಅದೃಷ್ಟವೆಂದು ಎಣಿಸಲಿಲ್ಲ. ಕೊಂಡವನಿಗೆ ತಿಳಿದಿದ್ದಿತೆಂಬುದಕ್ಕೆ ಸಾಕ್ಷಿಯೆಂದು ಎಣಿಸಿದನು.

ಎಲ್ಲ ಮಾರುವವರೂ ಒಂದೇ ತರದವರಲ್ಲವೆಂಬುದನ್ನೂ ನೆನೆಯಬೇಕು. ಗುಜರಿಯ ವ್ಯಾಪಾರಿ ಕಬ್ಬಿಣವನ್ನು ತೂಕಕ್ಕೆ ಕೊಂಡು ಬಿಡಿಯಾಗಿ ಮಾರುವವನು. ಹತ್ತರಲ್ಲಿ ನಷ್ಟ, ಒಂದರಲ್ಲಿ ಲಾಭ ಎಂಬ ಲೆಕ್ಕದ ಮೇಲೆಯೇ ಆತನ ಸಂಸಾರ ನಡೆಯುತ್ತಿದೆ. ತಾನು ಮಾರಿದುದರಲ್ಲಿ ಕೆಲವು ಹೆಚ್ಚಿನ ವಸ್ತುಗಳಿದ್ದೇ ಇರುತ್ತವೆಂಬುದನ್ನು ಅರಿತೇ ಆತನು ಗೋಣಿ ಹಾಸಿರುವನು. ಅಂತಹವನೊಡನೆ ಹೇಳಿದ ಬೆಲೆಗೆ ಕೊಂಡವನ ತಪ್ಪು ಹಗುರ. ಆದರೆ ಗುಬ್ಬಿಯ ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಬಹುದು. ಯಜಮಾನರು ತೀರಿಹೋಗಿದ್ದಾರೆ, ಅಟ್ಟವನ್ನು ಗುಡಿಸಿದಾಗ ಮಾವನವರ ಪೆಟ್ಟಿಗೆಯೊಂದು ಸಿಕ್ಕಿದೆ, ಅದರಲ್ಲಿ ಒಂದು ಚುಂಗಾಣಿ. ಮೊಮ್ಮಗಳ ಶಾಲೆಯ ಫೀಜಿಗೆ ಹಣ ಬೇಕಾಗಿದೆ. ಹಳೆಯ ಸಾಮಾನನ್ನು ಕೇಳಿಕೊಂಡು ಬಂದ ಗೃಹಸ್ಥನನ್ನು ಆ ಮುದುಕಿ ಕೂರಿಸಿ, ಮಜ್ಜಿಗೆ ಕೊಟ್ಟು, “ನೀವು ಬಲ್ಲವರು, ನೀವೇ ಹೇಳಿ ಅಪ್ಪ, ಏನು ಬಂದೀತು?” ಎಂದು ಕೇಳುವಳು. ಇಲ್ಲಿ ಮಾರುವವಳು ವ್ಯಾಪಾರಿಯಲ್ಲ, ಸ್ಥಳ ಸಂತೆಯಲ್ಲ, ಕೇಳಿದ ಮಾತು ಚೌಕಾಸಿಯಲ್ಲ. ಆಕೆ ಬೆಲೆಯನ್ನು ಆತನ ಕೈಗೇ ಒಪ್ಪಿಸಿರುವಳು. ಆ ಕ್ಷಣದಿಂದ ಆತನು ಕೊಳ್ಳುವವನಲ್ಲ, ನ್ಯಾಯ ಹೇಳತಕ್ಕವನು. ಅಲ್ಲಿ “ಏನು ಬರುತ್ತದೆ ತಾಯಿ, ಮುರುಕಲು ಸಾಮಾನು” ಎಂದವನು ಮೌನದ ಗಡಿಯನ್ನು ದಾಟಿ ಸುಳ್ಳಿನ ಸೀಮೆಗೆ ಕಾಲಿಟ್ಟನು. ಕುಡಿದ ಮಜ್ಜಿಗೆಯ ಋಣವೂ ಅದರೊಡನೆ ಸೇರಿತು.

ಇದಕ್ಕೆ ಮತ್ತೊಂದು ಆಕ್ಷೇಪವುಂಟು. ಎಲ್ಲೆಡೆಯೂ ನಿಜ ಹೇಳಿ ಪೂರ್ತಿ ಬೆಲೆ ಕೊಡುವುದಾದರೆ ಹುಡುಕುವುದರಲ್ಲಿ ಸುಖವೇನು, ಕಲಿತುದರ ಫಲವೇನು ಎಂಬುದು. ಇದಕ್ಕೆ ಉತ್ತರ ಕಷ್ಟವಲ್ಲ. ಪೂರ್ತಿ ಬೆಲೆಯೆಂದರೆ ನಗರದ ಗಾಜಿನ ಅಂಗಡಿಯಲ್ಲಿ ಕೇಳುವ ಬೆಲೆಯಲ್ಲ. ಗುರುತಿಸಿದವನ ಶ್ರಮ, ಅಲೆದವನ ಖರ್ಚು, ತಪ್ಪಿದ್ದರೆ ಆಗಬಹುದಾಗಿದ್ದ ನಷ್ಟ, ಇವೆಲ್ಲಕ್ಕೂ ಪಾಲು ಕಳೆದುಕೊಳ್ಳುವುದು ನ್ಯಾಯವೇ. “ಇದು ತವರವಲ್ಲ, ಬೆಳ್ಳಿ, ಪಟ್ಟಣದಲ್ಲಿ ಇಷ್ಟು ಬಂದೀತು, ಇಲ್ಲಿ ಇಷ್ಟು ಕೊಡಬಲ್ಲೆ” ಎಂದು ಬಿಚ್ಚಿ ಹೇಳಿದವನಿಗೂ ಲಾಭ ಉಳಿಯುವುದು, ಆದರೆ ಆ ಲಾಭ ಇಬ್ಬರ ಅರಿವಿನಲ್ಲಿ ಹುಟ್ಟಿದ ಲಾಭ. ಬೇಟೆಯ ಸುಖವಾದರೋ ವಸ್ತುವನ್ನು ಕಂಡ ಗಳಿಗೆಯಲ್ಲಿಯೇ ಸಂಪೂರ್ಣವಾಗಿ ದೊರೆತುಹೋಗಿದೆ. ಮಸಿಯ ಕೆಳಗೆ ಸಿಂಹ ಕಾಣಿಸಿದ ಆ ಸಂತೋಷವನ್ನು ಬೆಲೆ ಏರಿತೆಂದು ಯಾರೂ ಹಿಂದಕ್ಕೆ ಕೇಳಲಾರರು. ಬೆಲೆ ಇಳಿದಿದ್ದರೆ ಮಾತ್ರ ಸುಖವೆನ್ನುವವನು ಚುಂಗಾಣಿಯನ್ನು ಪ್ರೀತಿಸುವವನಲ್ಲ. ಮತ್ತೊಬ್ಬನ ಅಜ್ಞಾನವನ್ನು ಪ್ರೀತಿಸುವವನು.

ತಪ್ಪು ನಡೆದುಹೋದ ಮೇಲೆಯೂ ಶಾಸ್ತ್ರವು ಬಾಗಿಲನ್ನು ಮುಚ್ಚಿಲ್ಲ. ಕೊಂಡುದರಲ್ಲಾಗಲಿ ಮಾರಿದುದರಲ್ಲಾಗಲಿ ಪಶ್ಚಾತ್ತಾಪವಾದವನು ಹತ್ತು ದಿನಗಳೊಳಗೆ ಹಿಂದಕ್ಕೆ ಕೊಡಬಹುದು, ಹಿಂದಕ್ಕೆ ಪಡೆಯಬಹುದು ಎಂದು ಮನುವಿನ ವಿಧಿ. ಅನುಶಯವೆಂದು ಅದಕ್ಕೆ ಹೆಸರು. ವ್ಯವಹಾರದ ಹದಿನೆಂಟು ಪದಗಳಲ್ಲಿ ಅದೂ ಒಂದು. ಮನಸ್ಸಿನಲ್ಲಿ ಹುಟ್ಟಿದ ಕಳವಳವನ್ನು ನ್ಯಾಯಸಭೆಯ ವಿಷಯವನ್ನಾಗಿ ಎಣಿಸಿದ ಆ ಹಿರಿಯರ ಸೂಕ್ಷ್ಮ ಮೆಚ್ಚತಕ್ಕದ್ದು. ಇಂದಿನ ಸಂತೆಗೆ ಆ ಕಟ್ಟಳೆ ಇಲ್ಲ. ಆದರೆ ಯಾವನೇ ಗೃಹಸ್ಥನು ತನ್ನ ಮನೆಯ ಮಟ್ಟಿಗೆ ಅದನ್ನು ಕಟ್ಟಳೆಯಾಗಿ ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮನೆಗೆ ತಂದು ಬೆಳ್ಳಿಯ ಬಳೆಯನ್ನು ಉಜ್ಜಿದಾಗ ತಾನೂ ಊಹಿಸದಷ್ಟು ಬೆಲೆಯ ಗುರುತು ಕಂಡರೆ, ಮುಂದಿನ ಸಂತೆಯ ದಿನ ಅದೇ ಗೋಣಿಯ ಮುಂದೆ ನಿಂತು, “ಅಪ್ಪ, ನಿನ್ನದೊಂದು ಬಾಕಿ ನನ್ನಲ್ಲಿದೆ” ಎನ್ನಬಹುದು. ಅದರಿಂದ ಆತನು ಕೆಲವು ರೂಪಾಯಿ ಕಳೆದುಕೊಂಡಾನು. ಆದರೆ ಆ ಸಂತೆಯಲ್ಲಿ ಮುಂದೆ ಸಿಕ್ಕುವ ಒಳ್ಳೆಯ ವಸ್ತುವನ್ನು ವ್ಯಾಪಾರಿ ಯಾರಿಗಾಗಿ ತೆಗೆದಿಡುವನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಕಾಲದಲ್ಲಿ ಇದರ ವಿಚಾರ ಹೆಚ್ಚಾಗಿ ಬೇಕಾಗಿದೆ. ಜೇಬಿನ ಫೋನಿನಲ್ಲಿ ಚಿತ್ರ ಹಿಡಿದು ತೋರಿಸಿದರೆ ಯಾವ ವಸ್ತು ಯಾವ ದೇಶದ್ದೆಂಬುದು ಕ್ಷಣದಲ್ಲಿ ತಿಳಿದುಬರುತ್ತದೆ. ಹತ್ತು ವರ್ಷದ ಶ್ರಮದ ಫಲವೆಂಬ ವಾದಕ್ಕೂ ಇದರಿಂದ ಬಲ ತಗ್ಗಿತು. ಅದೇ ಯಂತ್ರ ಮಾರುವವನ ಕೈಯಲ್ಲಿಯೂ ಇದ್ದರೆ ಪ್ರಶ್ನೆಯೇ ಮಾಯವಾಯಿತೆಂದು ಕೆಲವರು ಹೇಳಬಹುದು. ಮಾಯವಾಗಲಿಲ್ಲ. ಬೆಳ್ಳಿಯ ಮುದ್ರೆಯನ್ನು ಹುಡುಕಬೇಕೆಂಬುದೇ ತಿಳಿಯದವನಿಗೆ ಯಂತ್ರವಿದ್ದರೂ ಪ್ರಯೋಜನವಿಲ್ಲ. ಅಜ್ಜಿಯ ಅಟ್ಟದ ಪೆಟ್ಟಿಗೆಯ ಮುಂದೆ ಬಲ್ಲವನೂ ಬಲ್ಲದವಳೂ ಎದುರುಬದುರಾಗಿ ಕುಳಿತುಕೊಳ್ಳುವ ಸಂದರ್ಭ ಎಂದೆಂದಿಗೂ ಇದ್ದೇ ಇರುವುದು. ಅದು ಹಳೆಯ ಸಾಮಾನಿಗೆ ಮಾತ್ರ ಸೇರಿದುದೂ ಅಲ್ಲ. ಹೆದ್ದಾರಿ ಬರುವ ಸುದ್ದಿಯನ್ನು ಮೊದಲು ತಿಳಿದು ರೈತನ ಹೊಲವನ್ನು ಕೇಳುವವನೂ, ಧಾರಣೆ ಏರುವುದನ್ನು ತಿಳಿದು ತೋಟದಲ್ಲಿಯೇ ಅಡಿಕೆಗೆ ಮುಂಗಡ ಕೊಡುವವನೂ ನಿಂತಿರುವುದು ಇದೇ ಕವಲುದಾರಿಯಲ್ಲಿ. ಚುಂಗಾಣಿ ಚಿಕ್ಕದು, ಅಭ್ಯಾಸಕ್ಕೆ ಚಿಕ್ಕ ವಸ್ತುವೇ ಮೇಲು.

ಹಳೆಯ ವಸ್ತುಗಳನ್ನು ಕೂಡಿಡುವವರು ತಮ್ಮ ಕಣ್ಣು ಸೂಕ್ಷ್ಮವೆಂದು ಹೆಮ್ಮೆಪಡುವರು. ಆ ಹೆಮ್ಮೆ ತಕ್ಕದ್ದೇ. ಸಾಸಿವೆಯಷ್ಟು ಮುದ್ರೆಯಲ್ಲಿ ವರ್ಷವನ್ನು ಓದುವ ಕಣ್ಣು ಸಾಮಾನ್ಯವಲ್ಲ. ಆದರೆ ಆ ಕಣ್ಣಿಗೆ ಬೆಳ್ಳಿಯ ಬಳೆ ಕಂಡು, ಅದನ್ನು ಹಿಡಿದಿರುವ ಬೆರಳುಗಳು ಕಾಣದೆ ಹೋದರೆ, ಸೂಕ್ಷ್ಮತೆ ಅರ್ಧಕ್ಕೇ ನಿಂತಂತಾಯಿತು. ಗೂಡಿನಲ್ಲಿ ಸಾಲಾಗಿಟ್ಟ ಚುಂಗಾಣಿಗಳನ್ನು ಮಕ್ಕಳು ನೋಡಿ, ಇದು ಎಲ್ಲಿಯದು, ಯಾರು ಕೊಟ್ಟರು, ಏನು ಕೊಟ್ಟು ತಂದಿರಿ ಎಂದು ಒಂದಲ್ಲ ಒಂದು ದಿನ ಕೇಳಿಯೇ ಕೇಳುವರು. ಪ್ರತಿಯೊಂದಕ್ಕೂ ತಡವರಿಸದೆ ಉತ್ತರ ಹೇಳಬಲ್ಲ ಗೃಹಸ್ಥನ ಸಂಗ್ರಹ, ಹತ್ತೇ ವಸ್ತುಗಳದ್ದಾದರೂ, ಪೂರ್ಣವಾದ ಸಂಗ್ರಹವೆನ್ನಿಸುವುದು.